ಡ್ರ್ಯಾಗನ್, ಕತ್ತಿ, ಬೀಸುಕಲ್ಲು: ಹಲಗಲಿಯಿಂದ ಸಿಂದೂರದವರೆಗೆ

ಜತ್ತದಿಂದ ಮಾತಾಡ್ತಾ ಇದೀನಿ, ನೇರ ವಿಷಯಕ್ಕೇ ಬರ್ತೀನಿ.

ಮೊನಿಕ್ವಿಲ್ ಬ್ಲ್ಯಾಕ್‌ಗೂಸ್ ಅವರ 'ಟು ಶೇಪ್ ಎ ಡ್ರ್ಯಾಗನ್ಸ್ ಬ್ರೆತ್' 2023ರಲ್ಲಿ ಬಂದ ಕಿಶೋರ ಕಾದಂಬರಿ. ಅನೆಕ್ವಸ್ ಎಂಬ ಮೂಲನಿವಾಸಿ ಹುಡುಗಿಗೆ ಡ್ರ್ಯಾಗನ್ ಮೊಟ್ಟೆ ಸಿಗುತ್ತದೆ, ಮರಿ ಅವಳನ್ನೇ ಒಡತಿಯಾಗಿ ಆರಿಸಿಕೊಳ್ಳುತ್ತದೆ. ಅವಳ ಜನಕ್ಕೆ ಅದು ಹಿರಿಯರ ಬಳುವಳಿ ಮರಳಿ ಬಂದಂತೆ. ಆಳುವವರ ಲೆಕ್ಕವೇ ಬೇರೆ: ಹುಡುಗಿ ಅವರ ಶಾಲೆಗೆ ಸೇರಿ ಅವರ ರೀತಿಯಲ್ಲೇ ಕಲಿಯಬೇಕು, ಇಲ್ಲದಿದ್ದರೆ ಮರಿಯನ್ನು ಕೊಲ್ಲುತ್ತಾರೆ. ಮಾಂತ್ರಿಕ ಶಕ್ತಿ ಇರಲಿ, ಆದರೆ ಪರವಾನಗಿ ನಮ್ಮದು ಅಂತ.

ಇದನ್ನು ಓದುವಾಗ ನನಗೆ ಹಲಗಲಿ ನೆನಪಾಯ್ತು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಳ್ಳುವಂತಿಲ್ಲ. ಆಗ ಮುಧೋಳ ಸಂಸ್ಥಾನದಲ್ಲಿದ್ದ ಹಲಗಲಿಯ ಬೇಡರಿಗೆ ಕತ್ತಿ ಅಂದರೆ ಬೇಟೆ, ಮಾನ, ಕುಲದ ಗುರುತು. ಕೊಡುವುದಿಲ್ಲ ಅಂದರು. ನವೆಂಬರ್‌ನಲ್ಲಿ ಕಂಪನಿ ಸೈನ್ಯ ಊರಿಗೆ ಬೆಂಕಿ ಇಟ್ಟಿತು, ಡಿಸೆಂಬರ್‌ನಲ್ಲಿ ಸೆರೆಯಾದವರನ್ನು ಗಲ್ಲಿಗೇರಿಸಿದರು.

ಆದರೆ ಲಾವಣಿಕಾರ ಕತ್ತಿಯನ್ನು ಮಂತ್ರದ ವಸ್ತು ಮಾಡುವುದಿಲ್ಲ. ಸೈನ್ಯ ಏನೇನು ದೋಚಿತು ಅನ್ನುವ ಭಾಗ ನೋಡ್ರಿ. ಕೊಡಲಿ, ಹಾಲು, ಮೊಸರು, ಉಪ್ಪು, ಅರಿಶಿನ, ಬೆಲ್ಲ, ಗಂಗಾಳ, ಮಂಗಳಸೂತ್ರ, ಕಡೆಗೆ ಬೀಸುಕಲ್ಲು! ಯುದ್ಧದ ಹಾಡಿನಲ್ಲಿ ಇದೇನು ಕಿರಾಣಿ ಚೀಟಿ ಅಂತ ಮೊದಲು ಅನ್ನಿಸಬಹುದು. ಬೀಸುಕಲ್ಲನ್ನು ಹೊತ್ತೊಯ್ದ ಸೈನ್ಯಕ್ಕೆ ಅದರಿಂದ ಏನು ಲಾಭ? ಏನೂ ಇಲ್ಲ. ಉಳಿದವರು ಮರುದಿನ ಜೋಳ ಬೀಸುವಂತಿಲ್ಲ, ಅಷ್ಟೇ. ಆಯುಧ ಕೇಳಲು ಬಂದ ಸರ್ಕಾರ ಅಡುಗೆಮನೆಯವರೆಗೆ ಬಂತು ಅನ್ನೋದನ್ನ ಆ ಪಟ್ಟಿ ಹೇಳುತ್ತದೆ. ವಸಾಹತುಶಾಹಿಯ ಬಗ್ಗೆ ನಾನು ಓದಿದ ಎಷ್ಟೋ ಪ್ರಬಂಧಗಳಿಗಿಂತ ಇದು ಹೆಚ್ಚು ನಿಖರ. (ಈ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದವರು ಜೆ. ಎಫ್. ಫ್ಲೀಟ್, ಅದೇ ಸರ್ಕಾರದ ಅಧಿಕಾರಿ! ಮೊದಲು ಕತ್ತಿ ಹೋಯ್ತು, ಆಮೇಲೆ ಹಾಡು ದಫ್ತರ ಸೇರಿತು.)

ಹಾಗಾದರೆ ನಮ್ಮಲ್ಲಿ ಅದ್ಭುತ ಎಲ್ಲಿದೆ? ಸತ್ತ ಮೇಲೆ ಬರುತ್ತದೆ. 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ನಂದಗಡದ ಸಮಾಧಿಯ ಆಲದ ಮರಕ್ಕೆ ಮಕ್ಕಳಾಗಲೆಂದು ತೊಟ್ಟಿಲು ಕಟ್ಟುತ್ತಾರೆ. ಬದುಕಿದ್ದಾಗ ಅವನನ್ನು ಕಾಯದ ಶಕ್ತಿ ಈಗ ಬೇರೆಯವರ ಮನೆಗೆ ಕೂಸು ಕೊಡುತ್ತದೆ ಅನ್ನೋ ನಂಬಿಕೆ. ಕಿಶೋರ ಕಾದಂಬರಿಯಲ್ಲಿ ಶಕ್ತಿ ಹುಟ್ಟಿನಿಂದಲೋ ಮೊಟ್ಟೆಯಿಂದಲೋ ಬರುತ್ತದೆ, ಇಲ್ಲಿ ಸೋಲಿನಿಂದ ಬರುತ್ತದೆ. ನನ್ನ ವಾದ ಇಷ್ಟೇ: ಇತಿಹಾಸ ಓದುವಾಗ ಈ ತೊಟ್ಟಿಲನ್ನು ಮೂಢನಂಬಿಕೆ ಅಂತ ಬದಿಗಿಟ್ಟರೆ, ಸೋತವರು ಸೋಲನ್ನು ಹೇಗೆ ನೆನಪಿಟ್ಟರು ಅನ್ನೋದೇ ಕೈತಪ್ಪುತ್ತದೆ.

ನಮ್ಮ ತಾಲೂಕಿನ ಸಿಂದೂರ ಲಕ್ಷ್ಮಣನ ಕಥೆ ಇನ್ನೂ ಒರಟು. ಹುಟ್ಟಿದ ಸಿಂದೂರ ಆಗ ಡಫಳೆಯವರ ಜತ್ತ ಸಂಸ್ಥಾನ, ಈಗ ಮಹಾರಾಷ್ಟ್ರ. 1922ರಲ್ಲಿ ಗುಂಡಿಗೆ ಬಿದ್ದದ್ದು ಬೀಳಗಿ ಸೀಮೆಯಲ್ಲಿ, ಈಗ ಕರ್ನಾಟಕ. ನಾಟಕ ಕಂಪನಿಗಳು ಅವನ ಕಥೆಯನ್ನು ಗಡಿಯ ಎರಡೂ ಕಡೆ ಕನ್ನಡದಲ್ಲೇ ಆಡಿದವು. ಜನ ಹೇಳುವ ಪ್ರಕಾರ ಅವನನ್ನು ಹಿಡಿದದ್ದು ಪೊಲೀಸರ ಜಾಣತನ ಅಲ್ಲ, ನಂಬಿದವರ ಮನೆಯ ಊಟದ ಕರೆ. ಡ್ರ್ಯಾಗನ್ ಇದ್ದಿದ್ದರೂ ಅಂಗಳದಲ್ಲೇ ಕಟ್ಟಿ ಒಳಗೆ ಹೋಗುತ್ತಿದ್ದ; ಕರೆದವರ ಮನೆ ಊಟಕ್ಕೆ ಆಯುಧ ಹಿಡಿದು ಕೂರುವುದುಂಟೇ?