ಧಾರಾವಾಹಿ ಮನೆ ಬದಲಿಸಿದ ಚಳಿಗಾಲ

ಧಾರಾವಾಹಿ ಎಂದ ಕೂಡಲೇ ಇವತ್ತು ಕಣ್ಣಿಗೆ ಬರುವುದು ಟಿ.ವಿ. ಆದರೆ 1980ರ ಸುಮಾರಿಗೆ ಕನ್ನಡದ ಮನೆಗಳಲ್ಲಿ ಆ ಮಾತಿಗೆ ಮೊದಲು ನೆನಪಾಗುತ್ತಿದ್ದುದು ವಾರಪತ್ರಿಕೆಯಲ್ಲಿ ಬರುವ ಕಾದಂಬರಿ. 1965ರಲ್ಲಿ ಶುರುವಾದ ‘ಸುಧಾ’ವನ್ನಾಗಲಿ, 1983ರಲ್ಲಿ ಮಣಿಪಾಲದಿಂದ ಹೊರಟ ‘ತರಂಗ’ವನ್ನಾಗಲಿ ಕೈಗೆತ್ತಿಕೊಂಡವರು ಮೊದಲು ಹುಡುಕುತ್ತಿದ್ದುದೇ ಆ ಪುಟವನ್ನು. ಕಂತು, ಸಂಚಿಕೆ, ‘ಮುಂದುವರಿಯುವುದು’ ಎಲ್ಲವೂ ಅಚ್ಚುಮನೆಯಲ್ಲಿ ಬಳಕೆಯಾಗಿ ಸವೆದ ಮಾತುಗಳು. ಟಿ.ವಿ. ತನಗೆಂದು ಹೊಸ ಪದ ಹುಟ್ಟಿಸಿಕೊಳ್ಳಲಿಲ್ಲ, ಇವನ್ನೇ ಎತ್ತಿಕೊಂಡಿತು. ಬರೆಯುವವರ ಹೊತ್ತನ್ನು ಟಿ.ವಿ. ತಿಂದುಹಾಕಿತು ಎಂಬ ದೂರನ್ನು ಈ ಪದಗಳ ಪ್ರಯಾಣದ ಎದುರು ಇಟ್ಟು ನೋಡಬೇಕು. ವಾರದ ಗಡುವು ಕಾದಂಬರಿಕಾರರು ಕಟ್ಟಿಕೊಂಡದ್ದು. ಅದನ್ನು ಟಿ.ವಿ.ಗೆ ಹೊತ್ತುಕೊಂಡು ಹೋದವರಲ್ಲೂ ಕಾದಂಬರಿಕಾರರಿದ್ದರು. ಹಾಗೆ ಹೋದಾಗ ಕೈಬಿಟ್ಟದ್ದು ಹೊತ್ತಿಗಿಂತ ದೊಡ್ಡದು, ಕಂತಿನ ಮೇಲಿನ ಒಡೆತನ.

ಗಡುವು ಎಷ್ಟು ಹಳೆಯದು ಎನ್ನುವುದಕ್ಕೆ 1860ರ ಲಂಡನ್ ಚಳಿಗಾಲವೇ ಸಾಕು. ಡಿಕನ್ಸ್ ತನ್ನ ವಾರಪತ್ರಿಕೆಯಲ್ಲಿ ಚಾರ್ಲ್ಸ್ ಲೀವರ್ ಅವರ ಕಾದಂಬರಿ ಹಾಕುತ್ತಿದ್ದ. ಅದು ಓದುಗರಿಗೆ ಹಿಡಿಸದೆ ಮಾರಾಟ ಇಳಿಯಿತು. ತಿಂಗಳಿಗೊಂದು ಭಾಗದಂತೆ ನಿಧಾನವಾಗಿ ಬರೆಯಬೇಕೆಂದುಕೊಂಡಿದ್ದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಅನ್ನು ಆತ ವಾರದ ಕಂತುಗಳಿಗೆ ಬಗ್ಗಿಸಿ ಡಿಸೆಂಬರ್ 1ರಿಂದ ಶುರುಮಾಡಿದ. ಗಡುವಿನ ಬರಹ ಅವಸರದ್ದು, ಅದರಿಂದ ಒಳ್ಳೆಯ ಕಾದಂಬರಿ ಬರುವುದಿಲ್ಲ ಎನ್ನುವವರಿದ್ದಾರೆ. 36 ವಾರ ಎಡೆಬಿಡದೆ ಬಂದ ಈ ಪುಸ್ತಕ ಆತನ ಕೃತಿಗಳಲ್ಲೇ ಅತ್ಯಂತ ಬಿಗಿಯಾದವುಗಳಲ್ಲಿ ಒಂದು ಎಂಬುದನ್ನು ಅವರು ಗಮನಿಸಬೇಕು.

ಧಾರಾವಾಹಿ ಮನೆ ಬದಲಿಸಿದ್ದು ನಮ್ಮ ದೇಶದಲ್ಲಿ 1984-85ರ ಚಳಿಗಾಲದ ಆಸುಪಾಸಿನಲ್ಲಿ. 1984ರ ಜುಲೈ 7ರಂದು ದೂರದರ್ಶನದಲ್ಲಿ ‘ಹಮ್ ಲೋಗ್’ ಶುರುವಾಯಿತು. ಬರೆದವರು ಮನೋಹರ ಶ್ಯಾಮ ಜೋಷಿ. ‘ಕಸಪ್’ನಂಥ ಕಾದಂಬರಿ ಕೊಟ್ಟವರು, ‘ಸಾಪ್ತಾಹಿಕ ಹಿಂದೂಸ್ತಾನ್’ ಪತ್ರಿಕೆಯ ಸಂಪಾದಕರಾಗಿದ್ದವರು. ವಾರಪತ್ರಿಕೆಯ ಗಡುವು ಏನೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಮೊದಲ ಕಂತುಗಳಲ್ಲಿ ಕುಟುಂಬ ಯೋಜನೆಯ ಉಪದೇಶವೇ ಹೆಚ್ಚಾಯಿತು, ಜನ ಒಪ್ಪಲಿಲ್ಲ. 13 ಕಂತುಗಳಾದ ಮೇಲೆ ಉಪದೇಶ ತಗ್ಗಿ, ಕೆಳಮಧ್ಯಮ ವರ್ಗದ ಒಂದು ಕುಟುಂಬದ ದಿನನಿತ್ಯದ ಜಂಜಾಟ ಮುಂದೆ ಬಂತು. ಲೀವರ್ ಕಾದಂಬರಿ ಸೋತಾಗ ಡಿಕನ್ಸ್ ಮಾಡಿದ್ದಕ್ಕೂ ಇದಕ್ಕೂ ಹತ್ತಿರದ ನಂಟಿದೆ: ನಡುದಾರಿಯಲ್ಲೇ ಓದುಗರ ಮುಖ ನೋಡಿ ಕಥೆಯ ದಿಕ್ಕು ತಿರುಗಿಸುವ ಹಳೆಯ ಕಸುಬು ಅದು. ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ತೆರೆಯ ಮೇಲೆ ಬಂದು, ನಡೆದುದರ ಬಗ್ಗೆ ನಾಲ್ಕು ಮಾತಾಡಿ, ‘ನಾವು’ ಎಂಬ ಅರ್ಥದ ಆ ಹೆಸರನ್ನೇ ಬೇರೆ ಬೇರೆ ಭಾರತೀಯ ಭಾಷೆಗಳಲ್ಲಿ ಹೇಳಿ ಹೋಗುತ್ತಿದ್ದರು. ಪತ್ರಿಕೆಯ ಪುಟದಡಿಯ ‘ಮುಂದುವರಿಯುವುದು’ ಇಲ್ಲಿ ಮನೆಯ ಹಿರಿಯರ ಮುಖ ಪಡೆಯಿತು. ನೋಡುಗರು ಬರೆದ ಕಾಗದಗಳು ಲಕ್ಷಗಟ್ಟಲೆ. ಹಿರಿಮಗಳು ಬಡ್ಕಿಗೆ ಮದುವೆಯ ವಿಷಯದಲ್ಲಿ ಬುದ್ಧಿ ಹೇಳಿದವರೂ ಅವರಲ್ಲಿದ್ದರು.

ಬರೆಯುವವರ ಹೊತ್ತು ಹೋದದ್ದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. 1987ರ ಜನವರಿ 25ರಂದು, ಮಾಗಿಯ ಚಳಿಯಲ್ಲಿ ‘ರಾಮಾಯಣ’ ಶುರುವಾದ ಮೇಲೆ ಭಾನುವಾರದ ಬೆಳಿಗ್ಗೆ ಬೀದಿಗಳೇ ಖಾಲಿಯಾದವು. ವಾರದಲ್ಲಿ ಬರೆಯಲು ಸಿಗುವ ಒಂದೇ ರಜೆಯ ಬೆಳಗು ಅದಾಗಿದ್ದವರಿಗೆ ಅದು ನಿಜವಾದ ನಷ್ಟ. ಆದರೂ ಆಗ ವಾರಕ್ಕೊಂದೇ ಕಂತು, ನೋಡಲು ಹೆಚ್ಚುಕಡಿಮೆ ಒಂದೇ ಚಾನೆಲ್. ಮರುವರ್ಷ ಅಕ್ಟೋಬರ್‌ನಲ್ಲಿ ಬಂದ ‘ಮಹಾಭಾರತ’ಕ್ಕೆ ಸಂಭಾಷಣೆ ಬರೆದವರು ‘ಆಧಾ ಗಾಂವ್’ ಕಾದಂಬರಿಯ ರಾಹಿ ಮಾಸೂಮ್ ರಜಾ ಎಂಬುದನ್ನು ನೆನೆದರೆ, ಟಿ.ವಿ. ಒಂದು ಕಡೆ, ಸಾಹಿತ್ಯ ಇನ್ನೊಂದು ಕಡೆ ಎಂಬ ಗೆರೆಯೇ ಅಳಿಸಿಹೋಗುತ್ತದೆ.

ನಿಜವಾಗಿ ನೋಯಬೇಕಾದ ಜಾಗ ಬೇರೆ. 1990ರ ದಶಕದಲ್ಲಿ ಕಂತು ವಾರದ್ದಾಗಿ ಉಳಿಯಲಿಲ್ಲ, ದಿನದ್ದಾಯಿತು. 1998ರ ‘ಮಾಯಾಮೃಗ’ ಕನ್ನಡಕ್ಕೆ ದಿನದ ಧಾರಾವಾಹಿಯ ರುಚಿ ಹತ್ತಿಸಿತು, ಆ ರುಚಿ ಒಳ್ಳೆಯದೇ ಆಗಿತ್ತು. ಆದರೆ ದಿನಕ್ಕೊಂದು ಕಂತು ಒಬ್ಬರ ಕೈಗೆ ನಿಲುಕುವ ಕೆಲಸವಲ್ಲ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು ಎಂದು ಹಂಚಿಹೋಗುತ್ತದೆ. ಯಾವ ಪಾತ್ರ ಯಾವಾಗ ಸಾಯಬೇಕೆಂಬುದಕ್ಕೆ ನಟರ ಕಾಲ್‌ಶೀಟೂ ಸೇರಿಕೊಳ್ಳುತ್ತದೆ. ಪತ್ರಿಕೆಯ ಕಂತಿನ ನೆತ್ತಿಯ ಮೇಲೆ ಪ್ರತಿ ವಾರ ಕಾದಂಬರಿಕಾರರ ಹೆಸರು ಇರುತ್ತಿತ್ತು. ಅದನ್ನು ಹರಿದು ಒಟ್ಟುಮಾಡಿ, ಕೊನೆಯ ಕಂತು ಬಂದ ಮೇಲೆ ದಾರದಿಂದ ಹೊಲಿದು ರಟ್ಟು ಹಾಕಿಸಿ ಇಟ್ಟುಕೊಳ್ಳುವ ಓದುಗರಿದ್ದರು. ಹಾಗೆ ಕಟ್ಟಿದ ಪುಸ್ತಕಗಳಲ್ಲಿ ಒಂದು ಪುಟದಲ್ಲಿ ನಾಯಕಿಯ ಅಳು, ಅದರ ಬೆನ್ನಿಗೆ ಅರ್ಧ ಕತ್ತರಿಸಿಹೋದ ಸೋಪಿನ ಜಾಹೀರಾತು, ಮೂಲೆಯಲ್ಲಿ ಆ ವಾರದ ತಾರೀಖು.