ಹತ್ತಿಕಾಳು ಕೈತಪ್ಪಿದ ಕತೆ

ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂದದ್ದು ಹತ್ತಿ ಗಿರಣಿಗಳಿಂದ. ಇಂದು ಸುತ್ತಲಿನ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದು ಮೆಕ್ಕೆಜೋಳ. ಬೆಳೆ ಬದಲಾದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಬೀಜದ ಒಡೆತನ ಬದಲಾದದ್ದು ಬೀಳುವುದಿಲ್ಲ.

ಬೀಜದ ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ರೈತಸಂಘ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ಸಂಘದ ಕಾರ್ಯಕರ್ತರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಅದರ ಘಟಕವನ್ನು ಕೆಡವಿದರು. ಬೀಜ ಪರರ ಪಾಲಾದರೆ ಬೇಸಾಯವೂ ಪರರ ಪಾಲು ಎಂಬುದು ಅವರ ವಾದ.

ಆದರೆ ಬೀಜ ರೈತನ ಮನೆಯಿಂದ ಹೊರಟದ್ದು ಅದಕ್ಕೂ ಇಪ್ಪತ್ತು ವರ್ಷ ಮೊದಲು, ನಮ್ಮವರ ಕೈಯಿಂದಲೇ. 1972ರಲ್ಲಿ ಧಾರವಾಡದ ವಿಜ್ಞಾನಿ ಡಾ. ಬಿ.ಎಚ್. ಕಾತರಕಿಯವರು ‘ವರಲಕ್ಷ್ಮಿ’ ಹತ್ತಿಯನ್ನು ಕೊಟ್ಟರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ, ವಾಣಿಜ್ಯವಾಗಿ ಬೆಳೆದ ಜಗತ್ತಿನ ಮೊದಲ ಹೈಬ್ರಿಡ್ ಅದು. ಎಳೆ ಉದ್ದ, ಇಳುವರಿ ಹೆಚ್ಚು. ರೈತರು ಸಂತೋಷದಿಂದಲೇ ಬಿತ್ತಿದರು. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ.

ಅದಕ್ಕೂ ಮೊದಲು ಎರೆಹೊಲದಲ್ಲಿ ಬರೀ ಮಳೆ ನಂಬಿ ಬೆಳೆಯುತ್ತಿದ್ದ ‘ಜಯಧರ’ದಂಥ ಜವಾರಿ ಹತ್ತಿ ರಸ ಹೀರುವ ಕೀಟಗಳನ್ನು ತಾಳುತ್ತಿತ್ತು. ಅದರ ಕಾಳೇ ಮುಂದಿನ ವರ್ಷದ ಬೀಜ. ಹೈಬ್ರಿಡ್ ಹಾಗಲ್ಲ. ಅದರ ಕಾಳನ್ನು ಮತ್ತೆ ಬಿತ್ತಿದರೆ ಒಂದು ಗಿಡ ತಾಯಿಯನ್ನು, ಇನ್ನೊಂದು ತಂದೆಯನ್ನು ಹೋಲುತ್ತದೆ; ಇಳುವರಿ ಕುಸಿಯುತ್ತದೆ. ಹೊಸ ಬೀಜ ಬೇಕೆಂದರೆ ಸಂಜೆ ಮೊಗ್ಗಿನ ಕೇಸರ ತೆಗೆದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಸೋಕಿಸಬೇಕು. ಹರಿಹರದ ಹೊಳೆಯಾಚೆ, ರಾಣೆಬೆನ್ನೂರು ಸೀಮೆಯಲ್ಲಿ ಇಂಥ ಬೀಜೋತ್ಪಾದನೆಯೇ ಒಂದು ಕಸುಬಾಯಿತು.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ಬೆಳೆದ ಬೀಜವನ್ನು ಕಾಪಿಡುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತನಿಗೆ ಕೊಟ್ಟಿತು. ಮರುವರ್ಷ ಅನುಮತಿ ಪಡೆದ ಬಿಟಿ ಹತ್ತಿ ಬಂದದ್ದು ಹೈಬ್ರಿಡ್ ರೂಪದಲ್ಲಿ. ಕಾಯಿ ಕೊರೆಯುವ ಹುಳುವಿಗೆಂದು ಬಂದ ಆ ಹತ್ತಿಯನ್ನು ಗುಲಾಬಿ ಕಾಯಿಕೊರಕ ಕೆಲವೇ ವರ್ಷಗಳಲ್ಲಿ ಜೀರ್ಣಿಸಿಕೊಂಡಿತು. ಮೆಕ್ಕೆಜೋಳದ್ದೂ ಪೇಟೆಯಿಂದ ತರುವ ಬೀಜವೇ. 2018ರಲ್ಲಿ ಪಕ್ಕದ ಶಿವಮೊಗ್ಗದಲ್ಲಿ, ದೇಶದಲ್ಲೇ ಮೊದಲ ಬಾರಿಗೆ, ಫಾಲ್ ಸೈನಿಕ ಹುಳು ಕಂಡದ್ದೂ ಆ ಬೆಳೆಯಲ್ಲೇ. ಊರಿಗೆ ಊರೇ ಒಂದೇ ಬೆಳೆ ಹಾಕಿದ್ದರೆ ಹುಳುವಿಗೆ ಅಡ್ಡಿಯೇನು?

ಕಾಯ್ದೆ ಕೊಟ್ಟ ಹಕ್ಕು ದೊಡ್ಡದು, ನಿಜ. ಆದರೆ ಮರಳಿ ಬಿತ್ತಲು ಯೋಗ್ಯವಾದ ಬೀಜ ಮನೆಯಲ್ಲಿಲ್ಲದವನಿಗೆ ಆ ಹಕ್ಕು ಬರಿದಾದ ಕಣಜದ ಬೀಗದ ಕೈ. ಕಂಪನಿಯ ಗೋಡೆ ಕೆಡವುವುದು ಒಂದು ದಿನದ ಕೆಲಸ. ಜವಾರಿ ತಳಿಗಳನ್ನು ವರ್ಷ ವರ್ಷವೂ ಆಯ್ದು, ಗಿರಣಿಗೂ ಹೊಲಕ್ಕೂ ಒಗ್ಗುವಂತೆ ತಿದ್ದುವುದು ತಲೆಮಾರುಗಳ ಕೆಲಸ. ಚಳವಳಿ ಕೇಳಿದ ಪ್ರಶ್ನೆಗೆ ಉತ್ತರ ಬೆಳೆಯಬೇಕಾದದ್ದು ಅಲ್ಲಿ.