ಕಡಲಾಚೆಯಿಂದ ಬಂದ ಹಾಡು: ರಾಮನಗರ ಸೀಮೆಯ ರೇಡಿಯೊ ಚರಿತ್ರೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ಜನ ಬಹುಕಾಲ ಪರಸ್ಥಳದ ದನಿಗಳನ್ನೇ ಕೇಳಿಕೊಂಡು ಬಂದವರು. ಈ ಸೀಮೆಯ ಎರಡು ಬದಿಯ ಮಹಾನಗರಗಳಲ್ಲಿ ಮೈಸೂರೇ ಮೊದಲು ಬಾನುಲಿಯನ್ನು ಕಂಡಿತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ 'ವಿಠಲ ವಿಹಾರ' ಮನೆಯಲ್ಲೇ 30 ವಾಟ್‌ಗಳ ಪ್ರೇಷಕವನ್ನು, ಎಂದರೆ ದನಿಯನ್ನು ಅಲೆಯಾಗಿಸಿ ಹೊರಬಿಡುವ ಯಂತ್ರವನ್ನು, ಇಟ್ಟುಕೊಂಡು ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಆ ಖಾಸಗಿ ನಿಲಯದಲ್ಲಿ, ಸರ್ಕಾರದ ಕಚೇರಿಯಲ್ಲಲ್ಲ. ಅಷ್ಟು ಸಣ್ಣ ಶಕ್ತಿಯ ಅಲೆ ಎಂಬತ್ತು ಕಿಲೋಮೀಟರ್ ದೂರದ ಚನ್ನಪಟ್ಟಣವನ್ನು ಸ್ಪಷ್ಟವಾಗಿ ಮುಟ್ಟುವುದು ಸುಲಭದ ಮಾತಲ್ಲ. 1942ರಲ್ಲಿ ಅದು ಮೈಸೂರು ಸಂಸ್ಥಾನದ ವಶವಾಯಿತು, 1950ರಲ್ಲಿ ಭಾರತ ಸರ್ಕಾರದ ಜಾಲಕ್ಕೆ ಸೇರಿತು, 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಆ ಹೊತ್ತಿನಲ್ಲಿ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ರಾಮನಗರ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರು.

ಹೀಗೆ ನಿಲಯ ಹತ್ತಿರವಾಯಿತಾದರೂ, ಕೇಳುಗ ಬಯಸಿದ ಹಾಡು ಹತ್ತಿರವಾಗಲಿಲ್ಲ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತವೇ ಜನರ ಅಭಿರುಚಿಯನ್ನು ತಿದ್ದಬಲ್ಲದೆಂದು ನಂಬಿದ್ದರು. ಅವರು ಚಿತ್ರಗೀತೆಗೆ ಪ್ರಸಾರದ ಹತ್ತರಲ್ಲೊಂದು ಭಾಗದ ಮಿತಿ ಹಾಕಿ, ಹಾಡಿನ ಜೊತೆಗೆ ಚಿತ್ರದ ಹೆಸರು ಹೇಳುವುದನ್ನೂ ನಿಲ್ಲಿಸಿದಾಗ, ನಿರ್ಮಾಪಕರು ಮುನಿದು ಪ್ರಸಾರದ ಅನುಮತಿಯನ್ನೇ ಹಿಂತೆಗೆದುಕೊಂಡರು. ಇದನ್ನು 'ಕೇಸ್ಕರ್ ನಿಷೇಧ' ಎಂದು ಕರೆಯುವ ರೂಢಿ ಪೂರ್ತಿ ಸರಿಯಲ್ಲ, ಏಕೆಂದರೆ ಬಾಗಿಲು ಮುಚ್ಚಿದ ಕೈ ಎರಡೂ ಕಡೆಯದು. ತೆರವಾದ ಜಾಗವನ್ನು ತುಂಬಿದ್ದು ಕೊಲಂಬೊದ ರೇಡಿಯೊ ಸಿಲೋನ್. ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಗಳಿಗಾಗಿ ಅಲ್ಲಿ ನಿಲ್ಲಿಸಿದ್ದ ಬಲವಾದ ಶಾರ್ಟ್‌ವೇವ್ ಪ್ರೇಷಕ ಯುದ್ಧಾನಂತರ ಆ ದೇಶಕ್ಕೇ ದಕ್ಕಿತ್ತು. ಭೂಮಿಯ ಮೇಲಿನ ಅಯಾನುಗೋಳಕ್ಕೆ ಬಡಿದು ಮರಳಿ ಕೆಳಗಿಳಿಯುವ ಶಾರ್ಟ್‌ವೇವ್ ಅಲೆಗೆ ಕಡಲಾಗಲಿ ಬೆಟ್ಟವಾಗಲಿ ಅಡ್ಡಿಯಲ್ಲವಾದ್ದರಿಂದ, ಅಲ್ಲಿಂದ ಹೊರಟ ಜಾಹೀರಾತು, ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ, ಮುಂದೆ ಕನ್ನಡ ಚಿತ್ರಗೀತೆಗಳು ಕೂಡ ಬಂಡೆಬೆಟ್ಟಗಳ ಈ ನಾಡಿಗೆ ನೇರವಾಗಿ ಇಳಿದವು.

ಆ ಕೇಳುವಿಕೆಗೆ ಒಂದು ಕೈಚಳಕವೇ ಬೇಕಿತ್ತು. ಕವಾಟದ (ವಾಲ್ವ್) ರೇಡಿಯೊ ಬಿಸಿಯೇರುವವರೆಗೆ ಕಾದು, ಮಾಡಿನ ಮೇಲೆ ಎಳೆದ ತಾಮ್ರದ ಏರಿಯಲ್ ತಂತಿ ಸರಿಯಿದೆಯೇ ನೋಡಿ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಮಾತ್ರ ಗೊರಗೊರ ಸದ್ದಿನ ನಡುವಿನಿಂದ ಹಾಡು ಹೊರಬರುತ್ತಿತ್ತು. ದನಿ ಅಲೆಯಂತೆ ಉಬ್ಬಿ ಇಳಿದು, ಪಲ್ಲವಿ ಕೇಳಿಸಿ ಚರಣ ಮುಳುಗಿಹೋಗುತ್ತಿದ್ದುದೂ ಉಂಟು. ಇಂಥ ಪೆಟ್ಟಿಗೆಯನ್ನು ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕಿತ್ತು. ಕಡಲಾಚೆಯ ಹಾಡಿಗೆ ಸರ್ಕಾರಕ್ಕೆ ತೆರಿಗೆ ಕಟ್ಟಿ ಕೇಳುವ ವಿಚಿತ್ರ ಅದು. ಕೊನೆಗೆ 1957ರ ಅಕ್ಟೋಬರಿನಲ್ಲಿ ಚಿತ್ರಗೀತೆಗಳಿಗೆ ಜಾಗ ಕೊಟ್ಟ ವಿವಿಧ ಭಾರತಿ ಸೇವೆ ಆರಂಭವಾಗಿದ್ದು, ಕೇಳುಗರನ್ನು ರೇಡಿಯೊ ಸಿಲೋನ್‌ಗೆ ಬಿಟ್ಟುಕೊಟ್ಟ ಸೋಲನ್ನು ಸರ್ಕಾರಿ ಆಕಾಶವಾಣಿ ಒಪ್ಪಿಕೊಂಡುದರ ಗುರುತು.

ಬ್ರಿಟನ್ನಿನ ಕತೆಯೂ ಇದನ್ನೇ ಹೋಲುತ್ತದೆ. ಬಿಬಿಸಿ ಧ್ವನಿಮುದ್ರಿಕೆಗಳಿಗೆ ಕೊಡುತ್ತಿದ್ದ ಸಮಯವೂ ಒಪ್ಪಂದದಿಂದ ಮಿತವಾಗಿದ್ದು, 1964ರಲ್ಲಿ ಹಡಗಿನ ಮೇಲಿನಿಂದ ಪ್ರಸಾರವಾದ ರೇಡಿಯೊ ಕೆರೊಲಿನ್ ಆ ಕೊರತೆಯನ್ನು ತುಂಬಿತು. 1967ರಲ್ಲಿ ಅಂಥ ಬಹುತೇಕ ನಿಲಯಗಳನ್ನು ಕಾನೂನು ಮುಚ್ಚಿಸಿದ ಬೆನ್ನಲ್ಲೇ ಬಿಬಿಸಿ ತನ್ನದೇ ರೇಡಿಯೊ 1 ಕಟ್ಟಿ, ಹಡಗಿನ ನಿರೂಪಕರನ್ನೇ ಕರೆತಂದಿತು. ಹಾಗೆ ಬಂದ ಜಾನ್ ಪೀಲ್ 1976ರ ಹೊತ್ತಿಗೆ ಪಂಕ್ ಸಂಗೀತವನ್ನು, ಎಂದರೆ ಕೆಲವೇ ಸ್ವರಮೇಳಗಳಲ್ಲಿ ಅಬ್ಬರಿಸುವ ಒರಟು ರಾಕ್ ಶೈಲಿಯನ್ನು, ಮುಂದೆ ಅದರಿಂದ ಕವಲೊಡೆದ ನ್ಯೂ ವೇವ್ ಅನ್ನು ಕೇಳಿಸಿದರು.

ಅಂಥ ಹಾಡುಗಳಿಗೆ ಈ ಭಾಗದಲ್ಲಿ ದಾರಿ ತೆರೆದದ್ದು ಬಹಳ ತಡವಾಗಿ. ಅಲೆಗಳು ಸರ್ಕಾರದ ಸ್ವತ್ತಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ನಂತರ, 2001ರಲ್ಲಿ ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಹುಟ್ಟಿತು; 2006ರಲ್ಲಿ ಇಂಗ್ಲಿಷ್ ಸಂಗೀತಕ್ಕೇ ಮೀಸಲಾದ ಇಂಡಿಗೊ 91.9 ಬಂತು. ಆದರೆ ಎಫ್‌ಎಂ ಅಲೆ ಶಾರ್ಟ್‌ವೇವಿನಂತೆ ಆಕಾಶಕ್ಕೆ ಬಡಿದು ಮರಳದೆ, ಕಣ್ಣಿನ ನೋಟದ ಹಾಗೆ ನೆಟ್ಟಗೆ ಸಾಗುತ್ತದೆ. ಬಿಡದಿಯ ಕಡೆ ತೆರೆದ ಬಯಲಲ್ಲಿ ಸಿಕ್ಕ ಹಾಡು ರಾಮದೇವರ ಬೆಟ್ಟದ ಬಂಡೆಗಳ ಮರೆಗೆ ಬಂದಾಗ ಕ್ಷೀಣಿಸುವುದಕ್ಕೆ ಕಾರಣ ಅದೇ.